ತತ್ವಪದ ರೆಕಾರ್ಡ್ ಮಾಡಲು ಯಾವ ಸಾಫ್ಟ್‌ವೇರ್? ಆಳಂದದ ಓದುಗರಿಗೊಂದು ಉತ್ತರ

ಪ್ರಶ್ನೆ: ನಮ್ಮೂರು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕು. ಅಪ್ಪ ಭಜನಾ ಮಂಡಳಿಯಲ್ಲಿ ಪೇಟಿ (ಹಾರ್ಮೋನಿಯಂ) ನುಡಿಸುತ್ತಾರೆ. ಏಕತಾರಿ, ತಬಲಾ, ತಾಳ ಸೇರಿ ಆರು ಜನ. ಅವರ ತತ್ವಪದಗಳನ್ನು ಚೆನ್ನಾಗಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಬೇಕೆಂದಿದ್ದೇನೆ. 8 ಜಿಬಿ ರ‍್ಯಾಮಿನ ವಿಂಡೋಸ್ ಲ್ಯಾಪ್‌ಟಾಪ್ ಇದೆ, ಕೈಯಲ್ಲಿ 25 ಸಾವಿರ ರೂಪಾಯಿ ಇದೆ. ಗೆಳೆಯರು ಎಫ್‌ಎಲ್ ಸ್ಟುಡಿಯೊ ಹಾಕಿಕೋ ಅಂತಾರೆ. ಕಾಲೇಜಿನ ಬ್ಯಾಂಡಿನವರು ಏಬಲ್ಟನ್ ಅಂತಾರೆ. ಬೆಂಗಳೂರಿನಲ್ಲಿರುವ ಸೋದರಮಾವ ಪ್ರೊ ಟೂಲ್ಸ್ ಬಿಟ್ಟರೆ ಉಳಿದದ್ದೆಲ್ಲ ಆಟಿಕೆ ಅಂತಾರೆ. ಯಾವುದರ ಸೌಂಡ್ ಚೆನ್ನಾಗಿರುತ್ತದೆ? ಒಂದು ಅಂಗಡಿಯವರು 300 ರೂಪಾಯಿಗೆ ಎಲ್ಲವನ್ನೂ ಹಾಕಿಕೊಡುತ್ತೇವೆ ಅನ್ನುತ್ತಾರೆ, ಹಾಕಿಸಲೇ? ಇಲ್ಲ, ಮೊಬೈಲಿನಲ್ಲೇ ಮುಗಿಸಬಹುದೇ?

ಉತ್ತರ: ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅಂಗಡಿಯ 300 ರೂಪಾಯಿಯದು ಬೇಡ. ಇಷ್ಟು ಸಾಕೆನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಎಂದು ಕೇಳುವವರಾದರೆ ಒಂದು ಚಹಾ ತರಿಸಿಕೊಂಡು ಕೂಡಿ, ಸ್ವಲ್ಪ ಉದ್ದವಾಗುತ್ತದೆ.

ನಿಮಗೆ ಸಲಹೆ ಕೊಟ್ಟ ಮೂವರೂ ಸುಳ್ಳು ಹೇಳಿಲ್ಲ. ತಮ್ಮ ತಮ್ಮ ಕೆಲಸಕ್ಕೆ ಒಗ್ಗಿದ್ದನ್ನು ಹೇಳಿದ್ದಾರೆ. ನಿಮ್ಮ ಕೆಲಸ ಯಾವುದು ಎಂದು ಮಾತ್ರ ಯಾರೂ ಕೇಳಿದಂತಿಲ್ಲ.

‘ಯಾವುದರ ಸೌಂಡ್ ಚೆನ್ನ’ ಎಂಬುದನ್ನು ಮೊದಲೇ ಬದಿಗೆ ಸರಿಸೋಣ. ಸೌಂಡ್ ಇರುವುದು ಸಾಫ್ಟ್‌ವೇರಿನಲ್ಲಲ್ಲ. ನಂಬಿಕೆಯಾಗದಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ನಾಲ್ಕು ಟ್ರ್ಯಾಕಿನ (ಬೇರೆ ಬೇರೆಯಾಗಿ ಹಿಡಿದ ನಾಲ್ಕು ಧ್ವನಿಗಳ) ಒಂದೇ ಹಾಡನ್ನು ಎರಡು ಬೇರೆ ಸಾಫ್ಟ್‌ವೇರಿಗೆ ಹಾಕಿ, ಯಾವ ಎಫೆಕ್ಟೂ ಇಲ್ಲದೆ, ಧ್ವನಿ ಏರಿಸಿ ಇಳಿಸುವ ಫೇಡರ್ ಮುಟ್ಟದೆ ವೇವ್ ಫೈಲ್ ತೆಗೆಯಿರಿ. ಆ ಎರಡು ಫೈಲುಗಳನ್ನು ಒಂದೇ ಕಡೆ ತಂದು, ಒಂದರ ಫೇಸ್ ತಿರುಗಿಸಿ, ಒಟ್ಟಿಗೆ ನುಡಿಸಿ. ಒಂದರ ಅಲೆ ಏರುವಾಗ ಇನ್ನೊಂದರದು ಅಷ್ಟೇ ಇಳಿಯುತ್ತದೆ. ಎರಡೂ ಕಳೆದುಹೋಗಿ ಮೌನ ಉಳಿಯುತ್ತದೆ. ಉಳಿಯದೆ ಏನಾದರೂ ಕೇಳಿಸಿದರೆ ಹೆಚ್ಚಾಗಿ ಅದು ಪ್ಯಾನ್ ಲಾ ಎಂಬ ಸೆಟ್ಟಿಂಗಿನ ಕಿತಾಪತಿ. ಧ್ವನಿ ಎಡ-ಬಲ ಸ್ಪೀಕರುಗಳ ನಟ್ಟನಡುವೆ ಇದ್ದಾಗ ಅದನ್ನು ಎಷ್ಟು ಡೆಸಿಬೆಲ್ ತಗ್ಗಿಸಬೇಕು ಎಂಬ ಲೆಕ್ಕ ಅದು. ಕೆಲವು ಸಾಫ್ಟ್‌ವೇರ್ 3 ಡೆಸಿಬೆಲ್ ತಗ್ಗಿಸುತ್ತವೆ, ಕೆಲವು ತಗ್ಗಿಸುವುದೇ ಇಲ್ಲ. ತಗ್ಗಿಸದೇ ಇರುವುದು ಜೋರಾಗಿ ಕೇಳುತ್ತದೆ, ಜೋರಾಗಿ ಕೇಳಿದ್ದೇ ನಮಗೆ ಚೆನ್ನ ಅನ್ನಿಸುತ್ತದೆ. ‘ಪ್ರೊ ಟೂಲ್ಸ್ ಸೌಂಡೇ ಬೇರೆ’ ಎಂಬ ಮಾತುಗಳಲ್ಲಿ ಅರ್ಧ ಹುಟ್ಟುವುದು ಇಲ್ಲೇ. ಉಳಿದರ್ಧ ಪ್ರೊ ಟೂಲ್ಸ್ ಇಟ್ಟುಕೊಂಡವರ ಮೈಕು ಮತ್ತು ಕೋಣೆಯದು.

ಹಾಗಾದರೆ ಆರಿಸುವುದು ಯಾವುದರ ಮೇಲೆ? ನಾನು ಬಂದವರನ್ನೆಲ್ಲ ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಹಾಡಿನಲ್ಲಿ ಲಯ ಯಾರ ಕೈಯಲ್ಲಿದೆ? ಯಂತ್ರದ ಕೈಯಲ್ಲೋ, ಹಾಡುವವರ ಕೈಯಲ್ಲೋ?

ಇದನ್ನು ನಾನು ಪುಸ್ತಕ ಓದಿ ಕಲಿತಿಲ್ಲ. ಕೆಲವು ವರ್ಷಗಳ ಹಿಂದೆ ಜೇವರ್ಗಿ ಕಡೆಯ ಹಿರಿಯರೊಬ್ಬರು ಏಕತಾರಿ ಹಿಡಿದು ನನ್ನ ರೆಕಾರ್ಡಿಂಗ್ ಕೋಣೆಗೆ ಬಂದಿದ್ದರು. ಕಡಕೋಳದ ಪರಂಪರೆಯ ಪದ ಹಾಡುವವರು, ವಯಸ್ಸು ಎಪ್ಪತ್ತರ ಮೇಲೆ. ಆಗ ನನಗೆ ಏನೇ ರೆಕಾರ್ಡ್ ಮಾಡಿದರೂ ಕ್ಲಿಕ್, ಅಂದರೆ ಲಯ ತೋರಿಸುವ ಟಕ್ ಟಕ್ ಸದ್ದು, ಹಾಕಿಯೇ ಮಾಡುವ ಚಟ. ಅವರ ಕಿವಿಗೆ ಹೆಡ್‌ಫೋನ್ ಏರಿಸಿ, ಮೆಟ್ರೊನೋಮ್ ನಿಮಿಷಕ್ಕೆ 84 ಪೆಟ್ಟಿಗೆ ಇಟ್ಟು, ‘ಹಾಡ್ರಿ ಅಜ್ಜಾರ’ ಅಂದೆ. ಪಲ್ಲವಿ ಮುಗಿಯುವ ಮೊದಲೇ ನಿಲ್ಲಿಸಿದರು. ಹೆಡ್‌ಫೋನ್ ತೆಗೆದು ಅದರ ಒಳಗೆ ಇಣುಕಿ ನೋಡಿದರು. ‘ತಮ್ಮಾ, ಇದರಾಗ ಯಾವನೋ ಕಟಗಿ ಬಡ್ಯಾಕತ್ಯಾನ. ಅವ ನಿಂದರ್ತಾನೋ ನಾ ನಿಂದರ್ಲೋ?’ ಅಂದರು.

ಕ್ಲಿಕ್ ತೆಗೆದೆ. ಆಮೇಲೆ ಹಾಡಿದ್ದನ್ನು ಅಳೆದು ನೋಡಿದರೆ ಪದ ಶುರುವಾದದ್ದು 76ರಲ್ಲಿ, ಕೊನೆಯ ಚರಣ ತಿರುಗುವಾಗ 98. ನಡುವೆ ಅರ್ಥ ಬಿಡಿಸಿ ಹೇಳುವ ಜಾಗದಲ್ಲಿ ಲಯವನ್ನೇ ಬಿಟ್ಟು ನಾಲ್ಕು ಮಾತು ಆಡಿ, ಮತ್ತೆ ತಬಲಾದವರ ಸಮ್ಮಿಗೆ (ಆವರ್ತನದ ಮೊದಲ ಪೆಟ್ಟಿಗೆ) ಬಂದು ಕೂಡಿದ್ದರು. ಅದು ತಪ್ಪಲ್ಲ, ಪದ ಇರುವುದೇ ಹಾಗೆ. ನಿಮ್ಮ ಅಪ್ಪನವರ ಮಂಡಳಿಯೂ ಹೀಗೇ ಹಾಡುತ್ತದೆ ಎಂದು ನಾನು ಪಂಥ ಕಟ್ಟಬಲ್ಲೆ.

ಈಗ ಎಫ್‌ಎಲ್ ಸ್ಟುಡಿಯೊ ತೆಗೆದುಕೊಳ್ಳಿ. ಬೆಲ್ಜಿಯಂನ ಇಮೇಜ್-ಲೈನ್ ಕಂಪನಿ 1997ರಲ್ಲಿ ಅದನ್ನು ಫ್ರೂಟಿಲೂಪ್ಸ್ ಎಂಬ ಹೆಸರಿನಲ್ಲಿ ತಂದಾಗ ಅದು ರೆಕಾರ್ಡರ್ ಆಗಿರಲೇ ಇಲ್ಲ. ಸಾಲಾಗಿ ಗುಂಡಿಗಳು, ಯಾವ ಗುಂಡಿ ಒತ್ತಿದರೆ ಆ ಹೊತ್ತಿಗೆ ಒಂದು ಪೆಟ್ಟು, ಹದಿನಾರು ಪೆಟ್ಟಿಗೆ ಒಂದು ಸುತ್ತು. ಇವತ್ತಿಗೂ ಅದರ ಜೀವ ಅಲ್ಲೇ ಇದೆ. ನಮ್ಮ ಕಡೆ ಯೂಟ್ಯೂಬಿನಲ್ಲಿ ಓಡುವ ಜಾನಪದ ಡಿಜೆ ಹಾಡುಗಳನ್ನು ಕಟ್ಟುವ ಹುಡುಗರು ಅದನ್ನು ಹಿಡಿದಿರುವುದು ಸುಮ್ಮನೆ ಅಲ್ಲ. ಮೊದಲು ಬೀಟು, ಬೀಟಿನ ಮೇಲೆ ಬೇಸು, ಅದರ ಮೇಲೆ ಕೀಬೋರ್ಡು, ಕೊನೆಗೆ ಗಾಯಕರು ಬಂದು ಅರ್ಧ ತಾಸಿನಲ್ಲಿ ಹಾಡಿ ಹೋಗುತ್ತಾರೆ. ಆ ಕೆಲಸಕ್ಕೆ ಅದರಷ್ಟು ಚುರುಕಾದದ್ದು ನಾನು ಕಂಡಿಲ್ಲ. ಅದರ ಪಿಯಾನೊ ರೋಲಿನಲ್ಲಿ ಸ್ವರ ಬರೆಯುವ ಸುಖವೇ ಬೇರೆ. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಜೀವಮಾನವಿಡೀ ಪುಕ್ಕಟೆ, ಈ ಮಾತನ್ನು ಕಂಪನಿ ಇವತ್ತಿನವರೆಗೆ ಉಳಿಸಿಕೊಂಡಿದೆ. ಒಂದು ಸುತ್ತಿಗೆ ಎಷ್ಟು ಮಾತ್ರೆ ಎಂದು ಹೇಳುವ ಸಮಯಚಿಹ್ನೆಯನ್ನು ಪ್ಯಾಟರ್ನ್ ಪ್ಯಾಟರ್ನಿಗೂ ಬದಲಿಸುವ ಸೌಲಭ್ಯ 2018ರ ಎಫ್‌ಎಲ್ 20ರಿಂದ ಬಂದಿದೆ, ಹಾಗಾಗಿ ಏಳು ಮಾತ್ರೆಯ ರೂಪಕ್, ಹತ್ತರ ಝಪ್‌ತಾಲ್ ಕೂಡ ಕಷ್ಟವಿಲ್ಲ.

ಆದರೆ 76ರಿಂದ 98ಕ್ಕೆ ತನ್ನಷ್ಟಕ್ಕೆ ಜಾರುವ ಪದ ಅದಕ್ಕೆ ಒಗ್ಗುವುದಿಲ್ಲ. ಹಾಡು ಒಳಗೇನೋ ಬರುತ್ತದೆ, ಆದರೆ ಪರದೆಯ ಮೇಲೆ ಲಯ ತೋರಿಸುವ ಗೆರೆಗಳು ಒಂದು ಕಡೆ, ಹಾಡು ಇನ್ನೊಂದು ಕಡೆ. ಜತೆಗೆ ಒಂದು ಎಚ್ಚರಿಕೆ: ಅದರ ಎಲ್ಲಕ್ಕಿಂತ ಅಗ್ಗದ ಫ್ರೂಟಿ ಆವೃತ್ತಿಯಲ್ಲಿ ಧ್ವನಿ ರೆಕಾರ್ಡಿಂಗ್ ಇಲ್ಲ. ಅದಕ್ಕೆ ಪ್ರೊಡ್ಯೂಸರ್ ಆವೃತ್ತಿಯೇ ಬೇಕು. ಅಗ್ಗ ಅಂತ ಕೊಂಡು, ಮೈಕು ಚುಚ್ಚಿ, ಕೆಂಪು ಗುಂಡಿ ಹುಡುಕುತ್ತ ಕೂತವರು ನನಗೆ ಗೊತ್ತು.

ಏಬಲ್ಟನ್ ಲೈವ್ ಬರ್ಲಿನ್ನಿನದು, 2001ರಲ್ಲಿ ಹೊರಬಂತು. ಹೆಸರೇ ಹೇಳುವ ಹಾಗೆ ವೇದಿಕೆಯ ಮೇಲೆ ನುಡಿಸುವವರಿಗೆ. ಚಿಕ್ಕ ಚಿಕ್ಕ ತುಣುಕುಗಳನ್ನು ಚೌಕಗಳಲ್ಲಿ ಇಟ್ಟುಕೊಂಡು, ಯಾವುದು ಬೇಕೋ ಅದನ್ನು ಆ ಕ್ಷಣಕ್ಕೆ ಹೊಡೆಯುವುದು. ಎಲ್ಲವೂ ಒಂದೇ ಲಯಕ್ಕೆ ತಾನಾಗಿ ಕೂಡಿಕೊಳ್ಳುತ್ತವೆ. ಅದರ ವಾರ್ಪ್ ಎಂಬ ಗುಣ ಹಾಡನ್ನೇ ಎಳೆದು, ಒತ್ತಿ, ಗೆರೆಗೆ ತಂದು ಕೂಡಿಸುತ್ತದೆ. ಕಾಲೇಜಿನ ಬ್ಯಾಂಡಿಗೆ ಇದು ಸರಿಯೇ. ಅಜ್ಜನ ಪದಕ್ಕೆ ವಾರ್ಪ್ ಹಾಕಿ ನೋಡುವ ಕುತೂಹಲ ನನಗೂ ಇತ್ತು, ಹಾಕಿದೆ. 84ಕ್ಕೆ ನೇರವಾಗಿ ಬಂತು. ಪದ ಸತ್ತಿತ್ತು. ಹೊಸ ಆವೃತ್ತಿಗಳಲ್ಲಿ ಸಾಫ್ಟ್‌ವೇರೇ ನುಡಿಸುವವರ ಲಯವನ್ನು ಹಿಂಬಾಲಿಸುವ ವ್ಯವಸ್ಥೆ ಬಂದಿದೆ, ಲೈವ್ 12ರಲ್ಲಿ ಶ್ರುತಿ ಪದ್ಧತಿಗಳನ್ನೇ ಬದಲಿಸಬಹುದು, ಎರಡೂ ನಮ್ಮ ಸಂಗೀತದವರು ಗಮನಿಸಬೇಕಾದವು. ಆದರೆ ನಿಮ್ಮ 25 ಸಾವಿರದಲ್ಲಿ ಅದರ ಪೂರ್ಣ ಆವೃತ್ತಿ ಕೊಂಡರೆ ಮೈಕಿಗೆ ದುಡ್ಡು ಉಳಿಯುವುದಿಲ್ಲ.

ರೀಪರ್ ಬರೆದವರು ಜಸ್ಟಿನ್ ಫ್ರ್ಯಾಂಕೆಲ್. ಸೈಬರ್ ಕೆಫೆಗಳ ಕಾಲದವರಿಗೆ ವಿನ್‌ಆಂಪ್ ನೆನಪಿದ್ದೀತು, ಅದನ್ನು ಬರೆದವರೂ ಅವರೇ. ಇಡೀ ರೀಪರ್ ಒಂದೆರಡು ಹಾಡಿನಷ್ಟು ಜಾಗದಲ್ಲಿ ಕೂಡುತ್ತದೆ, ನಿಮ್ಮ 8 ಜಿಬಿ ಲ್ಯಾಪ್‌ಟಾಪಿಗೆ ಭಾರವೇ ಅಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. 60 ದಿನ ಏನೂ ಕಡಿತವಿಲ್ಲದೆ ಬಳಸಿ ನೋಡಬಹುದು. ಆಮೇಲೂ ತೆರೆಯುತ್ತದೆ, ತೆರೆದಾಗಲೊಮ್ಮೆ ‘ನೀವಿನ್ನೂ ಕೊಂಡಿಲ್ಲ’ ಎಂದು ನೆನಪಿಸುತ್ತದೆ. ಅದು ನಮ್ಮ ಮೇಲೆ ಇಟ್ಟ ಮರ್ಯಾದೆ, ಸಡಿಲ ಸಿಕ್ಕಿತೆಂದು ತಿಳಿಯಬೇಡಿ. ಅದರಿಂದ ವರ್ಷಕ್ಕೆ 20 ಸಾವಿರ ಡಾಲರಿಗಿಂತ ಹೆಚ್ಚು ದುಡಿಯದವರಿಗೆ ಲೈಸೆನ್ಸ್ 60 ಡಾಲರ್. ಹೆಚ್ಚು ದುಡಿಯುವವರಿಗೆ 225. ನಮ್ಮ ಕಡೆಯ ಮಂಡಳಿಗಳು ಎರಡನೆಯ ಪಂಕ್ತಿಗೆ ಬೇಗ ಬರಲಿಕ್ಕಿಲ್ಲ. ಒಮ್ಮೆ ಕೊಂಡರೆ ಎರಡು ದೊಡ್ಡ ಆವೃತ್ತಿಗಳ ಕೊನೆಯವರೆಗೆ ನಡೆಯುತ್ತದೆ, ಅಂದರೆ 7ರಲ್ಲಿ ಕೊಂಡದ್ದು 8.99ರವರೆಗೆ. ಕೊಳ್ಳುವಾಗ ನಿಮ್ಮ ಡೆಬಿಟ್ ಕಾರ್ಡಿನಲ್ಲಿ ವಿದೇಶಿ ವಹಿವಾಟು ಆನ್ ಮಾಡಿಕೊಳ್ಳಬೇಕು, ಬ್ಯಾಂಕಿನ ಆ್ಯಪಿನಲ್ಲೇ ಆಗುತ್ತದೆ.

ನಾನು ರೀಪರನ್ನು ಹೇಳುವುದು ಬೆಲೆಗಾಗಿ ಅಲ್ಲ. ಅದು ಮೂಲತಃ ಟೇಪಿನ ಹಾಗೆ. ಹಾಡು ಹೇಗೆ ಹೋಗುತ್ತದೋ ಹೋಗಲಿ ಎಂದು ಬಿಟ್ಟು, ಗೆರೆಗಳನ್ನು ಆಮೇಲೆ ಹಾಡಿಗೆ ಹೊಂದಿಸಬಹುದು. ಹೇಗೆಂದು ಹೇಳುತ್ತೇನೆ, ಇದೊಂದನ್ನು ಗಮನವಿಟ್ಟು ನೋಡಿ. ಕ್ಲಿಕ್ ಇಲ್ಲದೆ ಪೂರ್ತಿ ಹಾಡಿಸಿಕೊಳ್ಳಿ. ಮುಗಿದ ಮೇಲೆ ಪ್ರಾಜೆಕ್ಟ್ ಸೆಟ್ಟಿಂಗಿಗೆ ಹೋಗಿ ಟೈಮ್‌ಬೇಸ್ ಎಂಬಲ್ಲಿ ‘ಟೈಮ್’ ಎಂದು ಇಡಿ. ಇದನ್ನು ಮರೆತರೆ ಮುಂದಿನ ಹೆಜ್ಜೆಯಲ್ಲಿ ಹಾಡೇ ಜರುಗಿಬಿಡುತ್ತದೆ. ಈಗ ತಬಲಾ ಇರುವ ಟ್ರ್ಯಾಕನ್ನು ದೊಡ್ಡದಾಗಿ ಹಿಗ್ಗಿಸಿ, ಒಂದು ಸಮ್ಮಿನ ಪೆಟ್ಟಿನಿಂದ ಮುಂದಿನ ಸಮ್ಮಿನ ಪೆಟ್ಟಿನವರೆಗೆ ಮೌಸಿನಿಂದ ಎಳೆದು ಗುರುತು ಮಾಡಿ. ಗುರುತಿಸಿದ ಅವಧಿಯನ್ನೇ ಒಂದು ಮೆಷರ್ ಮಾಡು ಎಂಬ ಆದೇಶ ಮೆನುವಿನಲ್ಲಿದೆ, ಕೊಡಿ. ಆ ಆವರ್ತನದ ಲಯ ಎಷ್ಟಿತ್ತೋ ಅಷ್ಟನ್ನು ರೀಪರ್ ತಾನೇ ಲೆಕ್ಕ ಹಾಕಿ ಬರೆದುಕೊಳ್ಳುತ್ತದೆ. ಮುಂದಿನ ಆವರ್ತನ, ಮತ್ತೆ ಅದರ ಮುಂದಿನದು. ಐದು ನಿಮಿಷದ ಪದಕ್ಕೆ ಮುಕ್ಕಾಲು ತಾಸು ಹಿಡಿಯಬಹುದು. ಬೇಸರದ ಕೆಲಸವೇ, ಮಾಡಿ ಮುಗಿಸಿದ ಮೇಲೆ ಗೊತ್ತಾಗುತ್ತದೆ ಸುಖ: ಇನ್ನು ಮೇಲೆ ನೀವು ಕೊಳಲು ಸೇರಿಸಿ, ಕೀಬೋರ್ಡ್ ಸೇರಿಸಿ, ಎಲ್ಲವೂ ಅಜ್ಜನ ನಡಿಗೆಯ ಹಿಂದೆ ನಡೆಯುತ್ತವೆ.

ಕ್ಯೂಬೇಸ್ ಮತ್ತು ಲಾಜಿಕ್ ಪ್ರೊ ಈ ಕೆಲಸವನ್ನು ಇನ್ನೂ ಸಲೀಸಾಗಿ, ಬಹುಪಾಲು ತಾವಾಗಿಯೇ ಮಾಡುತ್ತವೆ, ಅದನ್ನು ಮುಚ್ಚಿಡುವುದಿಲ್ಲ. ಕ್ಯೂಬೇಸ್ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿಯದು, 1989ರಲ್ಲಿ ಅಟಾರಿ ಕಂಪ್ಯೂಟರಿಗೆ ಬಂದದ್ದು. ಇವತ್ತು ನಾವೆಲ್ಲ ಎಫೆಕ್ಟಿಗೂ ವಾದ್ಯದ ಧ್ವನಿಗೂ ಹೆಚ್ಚುವರಿಯಾಗಿ ಹಾಕಿಕೊಳ್ಳುವ ವಿಎಸ್‌ಟಿ ಪ್ಲಗಿನ್ ಎಂಬ ಪದ್ಧತಿಯೂ, ಧ್ವನಿಯನ್ನು ಕಂಪ್ಯೂಟರಿಗೆ ಬೇಗ ಒಯ್ದು ತರುವ ಆಸಿಯೊ ಎಂಬ ಡ್ರೈವರ್ ಪದ್ಧತಿಯೂ ಅವರ ಮನೆಯಿಂದಲೇ ಬಂದವು. ಮೈಕನ್ನು ಲ್ಯಾಪ್‌ಟಾಪಿಗೆ ಸೇರಿಸುವ ಪೆಟ್ಟಿಗೆಗೆ ಇಂಟರ್‌ಫೇಸ್ ಎನ್ನುತ್ತಾರೆ; ನೀವು ಯಮಹಾ ಅಥವಾ ಸ್ಟೈನ್‌ಬರ್ಗ್ ಹೆಸರಿನ ಇಂಟರ್‌ಫೇಸ್ ಕೊಂಡರೆ ಅದರ ಚಿಕ್ಕ ಆವೃತ್ತಿ ಜತೆಗೇ ಬರುತ್ತದೆ, ಬಂದರೆ ಬಿಡಬೇಡಿ, ಅದನ್ನೂ ಒಂದು ವಾರ ನೋಡಿ. ಲಾಜಿಕ್ ಮ್ಯಾಕ್ ಇದ್ದವರಿಗೆ ಮಾತ್ರ. ಮ್ಯಾಕ್ ಇದ್ದವರಿಗೆ ನಾನು ಬೇರೇನೂ ಹೇಳುವುದಿಲ್ಲ.

ಇನ್ನು ಸೋದರಮಾವನವರ ಪ್ರೊ ಟೂಲ್ಸ್. 1991ರಲ್ಲಿ ಬಂದದ್ದು, ದೊಡ್ಡ ಸ್ಟುಡಿಯೊಗಳ ರೂಢಿ, ಸಿನಿಮಾ ಕೆಲಸದಲ್ಲಿ ಅದು ಬೇಕೇ ಬೇಕು. ನಿಮಗೆ ಅದರ ಅಗತ್ಯ ಬೀಳುವುದು ಒಂದೇ ಸಂದರ್ಭದಲ್ಲಿ: ಹಾಡನ್ನು ಹೈದರಾಬಾದಿಗೋ ಬೆಂಗಳೂರಿಗೋ ಮಿಕ್ಸಿಂಗಿಗೆ ಕಳಿಸುವಾಗ. ಆಗಲೂ ಅದನ್ನು ಕೊಳ್ಳಬೇಕಿಲ್ಲ. ಪ್ರತಿ ಟ್ರ್ಯಾಕನ್ನೂ ಸೊನ್ನೆಯಿಂದಲೇ ಶುರುವಾಗುವ 24 ಬಿಟ್ ವೇವ್ ಫೈಲಾಗಿ ತೆಗೆದು ಕಳಿಸಿದರೆ ಅಲ್ಲಿಯವರು ಯಾವುದರಲ್ಲಿ ಬೇಕಾದರೂ ತೆರೆಯುತ್ತಾರೆ. ಪೇಟಿ ಎರಡನೆಯ ನಿಮಿಷದಲ್ಲಿ ಬಂದರೂ ಅದರ ಫೈಲು ಸೊನ್ನೆಯಿಂದಲೇ ಇರಲಿ. ಇಲ್ಲದಿದ್ದರೆ ಅಲ್ಲಿಯವರು ಎಲ್ಲಿ ಕೂಡಿಸಬೇಕೆಂದು ಫೋನ್ ಮಾಡುತ್ತಾರೆ, ನೀವು ‘ಎರಡನೇ ಚರಣದ ಹಿಂದ್ರಿ’ ಅನ್ನುತ್ತೀರಿ, ಅವರಿಗೆ ಕನ್ನಡ ಬರುವುದಿಲ್ಲ. ಪ್ರೊ ಟೂಲ್ಸ್ ಇಂಟ್ರೊ ಎಂಬ ಉಚಿತ ಆವೃತ್ತಿಯೂ ಇದೆ, ಎಂಟು ಆಡಿಯೊ ಟ್ರ್ಯಾಕಿಗೆ ನಿಲ್ಲುತ್ತದೆ.

ಉಚಿತದ ಮಾತು ಬಂದದ್ದರಿಂದ ಇನ್ನೆರಡು. ಆಡಾಸಿಟಿ 2000ದಿಂದಲೂ ಉಚಿತ, ಒಂದು ಫೈಲನ್ನು ಕತ್ತರಿಸಲು, ಗೊರ್ ಎನ್ನುವ ಶಬ್ದ ತೆಗೆಯಲು ನಾನು ಈಗಲೂ ದಿನಾ ಬಳಸುತ್ತೇನೆ. ಆರು ಜನರ ಮಂಡಳಿಯ ಮಿಕ್ಸಿಂಗಿಗೆ ಅದು ಸಾಲದು. ಕೇಕ್‌ವಾಕ್ ಒಳ್ಳೆಯ ಸಾಫ್ಟ್‌ವೇರ್, ಆದರೆ ಅದರ ಹಣೆಬರಹ ನೋಡಿ: 2017ರ ಕೊನೆಗೆ ಗಿಬ್ಸನ್ ಕಂಪನಿ ಅದನ್ನು ಕೈಬಿಟ್ಟಿತು, 2018ರಲ್ಲಿ ಬ್ಯಾಂಡ್‌ಲ್ಯಾಬ್ ಕೊಂಡು ಎಲ್ಲರಿಗೂ ಉಚಿತ ಮಾಡಿತು, ಈಗ ಮತ್ತೆ ಸೋನಾರ್ ಎಂಬ ಹಳೆಯ ಹೆಸರು ಹೊತ್ತು ಬೇರೆ ರೂಪದಲ್ಲಿ ಬಂದಿದೆ. ಮೂರು ವರ್ಷ ಕೂತು ಕಲಿತದ್ದನ್ನು ಮಾಲೀಕರು ಬದಲಾದಾಗಲೆಲ್ಲ ಮತ್ತೆ ಕಲಿಯುವ ಪುರುಸೊತ್ತು ನನಗಿಲ್ಲ.

300 ರೂಪಾಯಿಯ ಅಂಗಡಿಯ ವಿಷಯ ಬರೆಯಲು ಕೈ ಹಿಂಜರಿಯುತ್ತದೆ, ಯಾಕೆಂದರೆ ನಾನೂ ಹಾಕಿಸಿದ್ದೆ. ಹೆಸರು ಬೇಡ, ಈಗ ಆ ಅಂಗಡಿಯೂ ಇಲ್ಲ. ಪೆನ್‌ಡ್ರೈವಿನಿಂದ ಹಾಕಿಕೊಟ್ಟು, ‘ಆಂಟಿವೈರಸ್ ಬಂದ್ ಮಾಡೀನ್ರಿ ಸರ್, ಚಾಲೂ ಮಾಡಬ್ಯಾಡ್ರಿ, ಮಾಡಿದ್ರ ಇದು ಹೋಗ್ತದ’ ಎಂದು ಹೇಳಿ ಕಳಿಸಿದ್ದರು. ಹೇಳಿದಂತೆ ನಡೆದುಕೊಂಡೆ. ಎರಡು ವಾರದ ಮೇಲೆ ಒಂದು ಬೆಳಿಗ್ಗೆ ತೆರೆದರೆ ಪ್ರತಿಯೊಂದು ಫೈಲಿನ ಹೆಸರಿಗೂ ಬಾಲ ಬಂದಿತ್ತು, ಯಾವುದೂ ತೆರೆಯಲಿಲ್ಲ. ದುಡ್ಡು ಕಳಿಸಿದರೆ ಬೀಗ ತೆಗೆಯುತ್ತೇವೆ ಎಂಬ ಒಂದು ಇಂಗ್ಲಿಷ್ ಪತ್ರ. ಸುರಪುರದ ಕಡೆಯ ಒಂದು ಊರಿನಲ್ಲಿ ಮೊಹರಮ್ಮಿಗೆ ಹಾಡಿಸಿಕೊಂಡಿದ್ದ ರಿವಾಯತ್ ಪದಗಳು ಅದರಲ್ಲಿದ್ದವು. ಮತ್ತೆ ಹಾಡಿಸೋಣವೆಂದು ಹೋದರೆ ಮುಂದೆ ನಿಂತು ಹಾಡಿದ್ದವರು ಆ ಚಳಿಗಾಲದಲ್ಲೇ ತೀರಿಹೋಗಿದ್ದರು.

ಎಫ್‌ಎಲ್ ನೋಡುವ ಆಸೆ ಇದ್ದರೆ ಕಂಪನಿಯ ಟ್ರಯಲ್ ಇಳಿಸಿಕೊಳ್ಳಿ. ಅದರಲ್ಲಿ ಎಲ್ಲವೂ ಇದೆ, ಕೆಲಸ ಉಳಿಸಲೂಬಹುದು. ಉಳಿಸಿದ್ದನ್ನು ಮತ್ತೆ ತೆರೆಯಬೇಕಾದರೆ ಕೊಳ್ಳಬೇಕು. ಕಲಿಯಲು ಅದು ಧಾರಾಳ ಸಾಕು.

ಸಾಫ್ಟ್‌ವೇರ್ ಹಾಕಿಕೊಂಡ ಮೊದಲ ದಿನವೇ ಒಂದು ತೊಂದರೆ ಬರುತ್ತದೆ, ಬಂದಾಗ ರೀಪರ್ ಕೆಟ್ಟದ್ದೆಂದು ಬೈಯಬೇಡಿ. ಅಪ್ಪ ಹೆಡ್‌ಫೋನಿನಲ್ಲಿ ಕೇಳುತ್ತ ಪೇಟಿ ನುಡಿಸಿದರೆ ಸ್ವರ ತಡವಾಗಿ ಕೇಳಿಸುತ್ತದೆ. ಕಂಪ್ಯೂಟರ್ ಧ್ವನಿಯನ್ನು ಹನಿಹನಿಯಾಗಿ ಅಲ್ಲ, ಕೊಡಕೊಡವಾಗಿ ತುಂಬಿಕೊಂಡು ಒಯ್ಯುತ್ತದೆ. ಆ ಕೊಡಕ್ಕೆ ಬಫರ್ ಎಂದು ಹೆಸರು. ಬಫರ್ 1024 ಮಾದರಿಯದಿದ್ದು (ಮಾದರಿ ಎಂದರೆ ಧ್ವನಿಯ ಒಂದು ಅಳತೆ), ಸೆಕೆಂಡಿಗೆ 44,100 ಮಾದರಿ ತೆಗೆಯುತ್ತಿದ್ದರೆ ಒಂದು ಕೊಡ ತುಂಬಲು 23 ಮಿಲಿಸೆಕೆಂಡ್. ಒಳಗೆ ಹೋಗಲು ಒಂದು, ಹೊರಗೆ ಬರಲು ಒಂದು, ಒಟ್ಟು 46. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಆ ಲೆಕ್ಕದಲ್ಲಿ 46 ಮಿಲಿಸೆಕೆಂಡ್ ಎಂದರೆ ಹದಿನಾರು ಮೀಟರ್. ಕೈ ಪೇಟಿಯ ಮೇಲಿದೆ, ಪೇಟಿ ಮಾತ್ರ ಗುಡಿಯ ಪೌಳಿಯ ಆ ತುದಿಯಲ್ಲಿ ಕೂತು ನುಡಿಯುತ್ತಿದೆ. ಯಾರಿಗೆ ಹಾಡಲು ಬಂದೀತು? ಬಫರ್ 128ಕ್ಕೆ ಇಳಿಸಿ, 48,000ಕ್ಕೆ ಇಟ್ಟರೆ ಒಂದು ಕೊಡಕ್ಕೆ 2.7 ಮಿಲಿಸೆಕೆಂಡ್ ಆಗುತ್ತದೆ, ಗೊತ್ತೇ ಆಗುವುದಿಲ್ಲ. ಇದಕ್ಕೆ ಇಂಟರ್‌ಫೇಸ್ ತಯಾರಿಸಿದವರದೇ ಆಸಿಯೊ ಡ್ರೈವರ್ ಹಾಕಿಕೊಂಡಿರಬೇಕು. ಇನ್ನೂ ಸುಲಭದ ದಾರಿ ಎಂದರೆ ಇಂಟರ್‌ಫೇಸಿನ ಮೇಲೇ ಇರುವ ಡೈರೆಕ್ಟ್ ಮಾನಿಟರ್ ಗುಂಡಿ. ಒತ್ತಿದರೆ ಧ್ವನಿ ಕಂಪ್ಯೂಟರಿಗೆ ಹೋಗಿ ಬರುವ ಗೋಜಿಲ್ಲದೆ ನೇರ ಕಿವಿಗೆ ಬರುತ್ತದೆ. ರೆಕಾರ್ಡಿಂಗ್ ಮುಗಿದು ಮಿಕ್ಸಿಂಗಿಗೆ ಕೂತಾಗ ಬಫರನ್ನು ಮತ್ತೆ 1024ಕ್ಕೆ ಏರಿಸಿ, ಲ್ಯಾಪ್‌ಟಾಪ್ ಉಸಿರಾಡಲಿ.

ಎರಡನೆಯ ತೊಂದರೆ ಶ್ರುತಿಯದು. ಅಪ್ಪ ‘ಕರಿ ಒಂದು’ ಎಂದು ಹೇಳುತ್ತಾರೆ, ನೀವು ಕೀಬೋರ್ಡಿನಲ್ಲೂ ಕರಿ ಒಂದನ್ನೇ ಒತ್ತುತ್ತೀರಿ, ಎರಡೂ ಕೂಡಿದಾಗ ವ್ಹಾಂವ್ ವ್ಹಾಂವ್ ಎಂದು ಅಲೆಯಾಡುತ್ತದೆ. ಹಳೆಯ ಪೇಟಿಯ ರೀಡುಗಳು ಇವತ್ತಿನ ರೂಢಿಯ 440 ಹರ್ಟ್ಸಿನ ಲೆಕ್ಕಕ್ಕೆ ಕೂತಿರಬೇಕೆಂದೇನೂ ಇಲ್ಲ. ನಿಮ್ಮದು 445ರ ಲೆಕ್ಕದಲ್ಲಿದೆ ಎಂದುಕೊಳ್ಳಿ, ಆಗ ವ್ಯತ್ಯಾಸ ಸುಮಾರು 20 ಸೆಂಟ್ (ಪಕ್ಕಪಕ್ಕದ ಎರಡು ಮನೆಗಳ ಅಂತರದ ನೂರರಲ್ಲೊಂದು ಪಾಲು ಒಂದು ಸೆಂಟ್), ಮಧ್ಯ ಸಪ್ತಕದ ಆ ಸ್ವರದಲ್ಲಿ ಸೆಕೆಂಡಿಗೆ ಮೂರು ಅಲೆ ಕೇಳುತ್ತದೆ. ಪೇಟಿಯನ್ನು ಮುಟ್ಟಬೇಡಿ. ತಬಲಾ ಅದಕ್ಕೇ ಕೂಡಿದೆ, ಅಪ್ಪನ ಗಂಟಲೂ ಅದಕ್ಕೇ ಕೂಡಿದೆ. ಷಡ್ಜ ಒಂದನ್ನೇ ಅರ್ಧ ನಿಮಿಷ ಎಳೆದು ರೆಕಾರ್ಡ್ ಮಾಡಿ, ರೀಪರಿನಲ್ಲೇ ಇರುವ ರೀಟ್ಯೂನ್ ಹಾಕಿ ಎಷ್ಟು ಸೆಂಟ್ ಎಂದು ಓದಿ, ಕೀಬೋರ್ಡ್ ಧ್ವನಿಯ ಪ್ಲಗಿನ್ನಿನಲ್ಲಿ ಅಷ್ಟೇ ಏರಿಸಿ. ಎಫ್‌ಎಲ್ ಮತ್ತು ಲಾಜಿಕ್‌ನಲ್ಲಿ ಇದಕ್ಕೆ ಇಡೀ ಹಾಡಿಗೆ ಒಂದೇ ಗುಂಡಿ ಇದೆ. ರೀಪರಿನಲ್ಲಿ ಒಂದೊಂದು ಪ್ಲಗಿನ್ನಿಗೂ ಬೇರೆ ಬೇರೆ ಹೊಂದಿಸಬೇಕು. ಇದು ಅದರ ಕೊರತೆಯೇ. ಇನ್ನೊಂದು ಕೊರತೆ, ಅದರ ಜತೆ ವಾದ್ಯಗಳ ಧ್ವನಿ ಹೇಳಿಕೊಳ್ಳುವಂಥದ್ದೇನೂ ಬರುವುದಿಲ್ಲ. ನಿಮ್ಮಲ್ಲಿ ಜೀವಂತ ವಾದ್ಯಗಳೇ ಇರುವುದರಿಂದ ಅಷ್ಟು ಕಾಡಲಿಕ್ಕಿಲ್ಲ.

ದುಡ್ಡಿನ ಲೆಕ್ಕ. ಎರಡು ಮೈಕ್ ಇನ್‌ಪುಟ್ಟೂ, ಕಂಡೆನ್ಸರ್ ಮೈಕಿಗೆ ಬೇಕಾಗುವ 48 ವೋಲ್ಟ್ ಫ್ಯಾಂಟಮ್ ಪವರೂ ಇರುವ ಇಂಟರ್‌ಫೇಸಿಗೆ ಹತ್ತು ಸಾವಿರದ ಆಚೀಚೆ ತೆಗೆದಿಡಿ. ಕಂಡೆನ್ಸರ್ ಮೈಕ್ ಒಂದು, ಅದಕ್ಕೆ ಏಳೆಂಟು ಸಾವಿರ. ಎರಡನೆಯ ಮೈಕ್ ಮಂಡಳಿಯ ಆಂಪ್ಲಿಫೈಯರ್ ಜತೆ ಇರುವುದೇ ಸದ್ಯಕ್ಕೆ ನಡೆಯುತ್ತದೆ. ಸ್ಟ್ಯಾಂಡು, ವೈರು, ಹೆಡ್‌ಫೋನಿಗೆ ಉಳಿದದ್ದರಲ್ಲಿ ಸ್ವಲ್ಪ. ರೀಪರಿನ 60 ಡಾಲರಿಗೆ ಈಗ ಸಾಲದೆ ಬಂದರೆ ಆ 60 ದಿನ ಇದೆಯಲ್ಲ, ತೊಗರಿ ಮಾರಿದ ಮೇಲೆ ಕೊಳ್ಳಿ.

ಒಬ್ಬೊಬ್ಬರನ್ನು ಬೇರೆ ಬೇರೆ ಕೂರಿಸಿ ರೆಕಾರ್ಡ್ ಮಾಡಲು ಹೋಗಬೇಡಿ, ತತ್ವಪದ ಹಾಗೆ ಕೂಡುವುದಿಲ್ಲ. ಆರೂ ಜನ ದಿನಾ ಕೂಡುವ ಹಾಗೇ ಅರ್ಧ ಸುತ್ತು ಕೂಡಲಿ. ಕಂಡೆನ್ಸರ್ ಮೈಕ್ ಹಾಡುವವರ ಬಾಯಿಗೆ ಒಂದು ಗೇಣು ದೂರ, ಏಕತಾರಿ ಅದರಲ್ಲೇ ಬರುತ್ತದೆ. ಇನ್ನೊಂದು ಪೇಟಿ ಮತ್ತು ತಬಲಾದ ನಡುವೆ. ತಾಳ ಹಿಡಿದವರು ಎಲ್ಲರಿಗಿಂತ ಹಿಂದೆ, ಬೇಕಾದರೆ ಬಾಗಿಲಾಚೆ. ತಾಳದ ಕಿಣಿಕಿಣಿ ಒಮ್ಮೆ ಮೈಕಿಗೆ ಹತ್ತಿತೆಂದರೆ ಯಾವ ಸಾಫ್ಟ್‌ವೇರೂ ಕೀಳಲಾರದು. ಹೀಗೆ 24 ಬಿಟ್, 48,000ದಲ್ಲಿ ಎರಡು ಟ್ರ್ಯಾಕ್ ಒಂದು ತಾಸು ಓಡಿದರೆ ಸುಮಾರು ಒಂದು ಜಿಬಿ ಆಗುತ್ತದೆ. ಅದನ್ನು ಆ ದಿನವೇ ಇನ್ನೊಂದು ಡಿಸ್ಕಿಗೆ ಹಾಕಿ.

ಕೋಣೆಯ ವಿಷಯ ಬರೆಯದೆ ಮುಗಿಸಿದರೆ ಪಾಪ ಬರುತ್ತದೆ. ನಮ್ಮ ಮನೆಗಳ ನೆಲ ಶಹಾಬಾದ್ ಕಲ್ಲು, ಗೋಡೆಗೆ ಸಿಮೆಂಟು, ಮೇಲೆ ಆರ್‌ಸಿಸಿ ಇಲ್ಲವೇ ಪತ್ರಾಸು. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ, ಝೀಂ ಎಂದು ಬಾಲ ಕೇಳಿಸುತ್ತದೆ. ಮೈಕಿಗೂ ಅದೇ ಕೇಳಿಸುತ್ತದೆ. ಮನೆಯಲ್ಲಿರುವ ಕೌದಿಗಳನ್ನೆಲ್ಲ ತೆಗೆದು, ಎರಡೆರಡು ಮಡಿಕೆ ಮಾಡಿ, ಗೋಡೆಯಿಂದ ಒಂದು ಗೇಣು ಬಿಟ್ಟು ಹಗ್ಗಕ್ಕೆ ಹಾಕಿ. ನೆಲಕ್ಕೆ ಜಮಖಾನೆ, ಮೂಲೆಗೆ ಗಾದಿ. ಮತ್ತೆ ಚಪ್ಪಾಳೆ ತಟ್ಟಿ ನೋಡಿ. ನನ್ನ ಕೋಣೆಗೆ ಬೆಂಗಳೂರಿನಿಂದ ಬಂದ ಒಬ್ಬರು ಫೋಮಿನ ಹಲಗೆ ತರಿಸಲಿಲ್ಲವೇ ಎಂದು ಕೇಳಿದರು. ನಮ್ಮವ್ವ ಹೊಲೆದ ಕೌದಿ ಇರುವಾಗ ಫೋಮ್ ಯಾಕೆ?

ಹೊತ್ತು ನೋಡಿಕೊಳ್ಳಿ. ಬೇಸಿಗೆಯಲ್ಲಿ ಹಗಲು 42 ಡಿಗ್ರಿ, ಫ್ಯಾನ್ ಬಂದ್ ಮಾಡಿದರೆ ಜನ ಬೇಯುತ್ತಾರೆ, ಮಾಡದಿದ್ದರೆ ಫ್ಯಾನೇ ಹಾಡುತ್ತದೆ. ಲ್ಯಾಪ್‌ಟಾಪಿನ ಫ್ಯಾನೂ ಅದಕ್ಕೆ ಜೊತೆಗೂಡುತ್ತದೆ. ರಾತ್ರಿ ಹತ್ತರಿಂದ ಹನ್ನೆರಡು ನನಗೆ ಕೂಡಿಬಂದ ಹೊತ್ತು. ಆಮೇಲೆ ನಾಯಿಗಳು. ರೆಕಾರ್ಡಿಂಗ್ ವೇಳೆ ಚಾರ್ಜರ್ ಕಿತ್ತಿಡಿ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ 50 ಹರ್ಟ್ಸಿನ ಗೊರ್ ಶಬ್ದ ಬರುವುದು ಬಹಳ ಸಲ ಆ ದಾರಿಯಿಂದಲೇ, ಇನ್ವರ್ಟರ್ ಮೇಲೆ ಓಡುವಾಗ ಇನ್ನೂ ಜಾಸ್ತಿ. ಯುಎಸ್‌ಬಿಯಿಂದಲೇ ಕರೆಂಟ್ ಪಡೆಯುವ ಇಂಟರ್‌ಫೇಸ್ ಆದರೆ ಲ್ಯಾಪ್‌ಟಾಪಿನ ಬ್ಯಾಟರಿ ಮೇಲೆ ಎಲ್ಲವೂ ಓಡುತ್ತದೆ, ಲೈಟ್ ಹೋದರೂ ಪದ ನಿಲ್ಲುವುದಿಲ್ಲ.

ಯೂಟ್ಯೂಬಿಗೆ ಹಾಕುವಾಗ ಜೋರು ಮಾಡುವ ಆಸೆಗೆ ಬೀಳಬೇಡಿ. ಅದು, ಕೇಳುವ ಜೋರನ್ನು ಅಳೆಯುವ ಲೆಕ್ಕದಲ್ಲಿ, ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ ಜೋರಾಗಿರುವುದನ್ನು ತಾನೇ ತಗ್ಗಿಸುತ್ತದೆ, ಮೆಲ್ಲಗಿರುವುದನ್ನು ಏರಿಸುವುದಿಲ್ಲ. ರೀಪರಿನ ರೆಂಡರ್ ಕಿಟಕಿಯಲ್ಲೇ ಈ ಅಳತೆಗೆ ತರುವ ಅಂಕಣವಿದೆ. ಮೈನಸ್ 14 ಎಂದು ಬರೆದು, ಪೀಕ್ ಮೈನಸ್ 1ರ ಒಳಗೆ ಇಡಿ.

ಮೊಬೈಲಿನಲ್ಲೇ ಮುಗಿಸಬಹುದೇ ಎಂದು ಕೇಳಿದ್ದೀರಿ. ಬ್ಯಾಂಡ್‌ಲ್ಯಾಬಿನಂಥ ಆ್ಯಪ್ ಇವೆ, ಉಚಿತ, ಕಲಿಯಲು ಅಡ್ಡಿಯಿಲ್ಲ. ಆದರೆ ನಾನು ಮೊಬೈಲನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ. ಮಂಡಳಿಯವರು ಹಾಡಲು ಕೂಡುವ ಮೊದಲೇ ಅದರ ರೆಕಾರ್ಡರ್ ಚಾಲೂ ಮಾಡಿ ಕಿಟಕಿಯಲ್ಲಿಟ್ಟುಬಿಡಿ. ಶ್ರುತಿ ಕೂಡಿಸುವಾಗ, ಚಹಾ ಕುಡಿಯುವಾಗ ಹಿರಿಯರ ಬಾಯಿಂದ ಒಂದೊಂದು ಹಳೆಯ ಪದ ತಾನಾಗಿ ಬರುತ್ತದೆ, ಮೈಕಿನ ಮುಂದೆ ಕೇಳಿದರೆ ‘ನೆನಪಿಲ್ಲಪ್ಪಾ’ ಅನ್ನುತ್ತಾರೆ. ನನ್ನ ಬಳಿ ಅಂಥವು ಹನ್ನೊಂದು ಇವೆ, ಎಲ್ಲವೂ ಕಪ್ ಬಸಿಯ ಸಪ್ಪಳದ ಜತೆ.